ಅವರ ವಿಶ್ವಾಸವನ್ನು ಕಂಡು

ಮುಂಬಯಿಯಲ್ಲಿ ಕಥೋಲಿಕರಿಗೆ ದೇವಾಲಯಗಳ ಕೊರತೆಯೇನೂ ಇಲ್ಲ. ಬಾಂದ್ರಾದಿಂದ ವಸಾಯಿಯವರೆಗೆ ರೈಲು ಹೋಗುವ ಹಾದಿಯುದ್ದಕ್ಕೂ ಇಂಗ್ಲಿಷ್, ಕೊಂಕಣಿ, ಮರಾಠಿ ಭಾಷೆಗಳಲ್ಲಿ ಬಲಿಪೂಜೆ (ಮಾಸ್) ನಡೆಯುತ್ತದೆ. ಹರಿಹರ, ದಾವಣಗೆರೆ, ಗದಗ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಕನ್ನಡ ಕಥೋಲಿಕರು ಮಾತ್ರ ಅಲ್ಲಿಷ್ಟು ಇಲ್ಲಿಷ್ಟು ಚದುರಿಹೋಗಿದ್ದೇವೆ. ಪೂಜೆಯನ್ನು ಬೇರೆ ಭಾಷೆಯಲ್ಲಿ ಕೇಳಿ ನಮಗೆ ಅಭ್ಯಾಸವಾಗಿದೆ, ಆದರೆ ಪಾಪನಿವೇದನೆಗೆ ಮೊಣಕಾಲೂರಿದಾಗ ಬೇರೆ ಭಾಷೆ ಬಾಯಿಗೆ ಬರುವುದಿಲ್ಲ. ಅದಕ್ಕೆಂದೇ ಪ್ರತಿ ತಪಸ್ಸುಕಾಲದಲ್ಲಿ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳಲ್ಲಿ, ಪುಣೆಯ ಜ್ಞಾನದೀಪ ವಿದ್ಯಾಪೀಠದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ಕರ್ನಾಟಕದ ಗುರುಗಳನ್ನು (ಪಾದ್ರಿಗಳನ್ನು) ಕರೆಸಿ, ಬೊರಿವಲಿ ಕಡೆಯ ನಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಕನ್ನಡದ ಸಾಮೂಹಿಕ ಪ್ರಾಯಶ್ಚಿತ್ತ ಪ್ರಾರ್ಥನೆಯನ್ನು ಏರ್ಪಡಿಸುತ್ತಾರೆ. ಕಳೆದ ತಪಸ್ಸುಕಾಲದಲ್ಲಿ ಅದರೊಂದಿಗೆ ರೋಗಿಗಳಿಗಾಗಿ ಸಾಮೂಹಿಕ ಅಭ್ಯಂಗನವನ್ನೂ, ಅಂದರೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ವಿಧಿಯನ್ನೂ, ಇಟ್ಟುಕೊಂಡಿದ್ದರು. ನಾನು ಎರಡರಲ್ಲೂ ಪಾಲ್ಗೊಂಡೆ. ಹೋಗಬೇಕೆಂದಿದ್ದೂ ಹಿಂಜರಿಯುತ್ತಿರುವವರಿಗೆ ಅಲ್ಲಿ ಏನು ನಡೆಯುತ್ತದೆ ಎಂಬುದು ತಿಳಿಯಲಿ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಾಯಿಲೆಯ ವಿಷಯವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಎಡ ಸ್ತನದಲ್ಲಿ ಗಂಟೊಂದು ಕೈಗೆ ಸಿಕ್ಕಾಗ ಮನೆಯ ಹತ್ತಿರದ ವೈದ್ಯರೊಬ್ಬರಿಗೆ ತೋರಿಸಿದೆ. ಅವರು ಕೊಬ್ಬಿನ ಗಂಟೆಂದು ಹೇಳಿ, ಬೇರೆ ಪರೀಕ್ಷೆಗೆ ಬರೆದುಕೊಡದೆ ಕಳುಹಿಸಿದರು. ಮತ್ತೆ ಹೋದಾಗಲೂ ಅದೇ ಮಾತು, ಈ ವಯಸ್ಸಿನಲ್ಲಿ ಹೆಂಗಸರಿಗೆ ಭಯ ಹೆಚ್ಚು ಎಂಬ ಸಮಾಧಾನ ಬೇರೆ. ಕೊನೆಗೆ ಮಗಳು ಹಟ ಹಿಡಿದು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ರೋಗ ಕಂಕುಳಿನ ಗ್ರಂಥಿಗಳಿಗೂ ಹರಡಿತ್ತು. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲವೂ ಅಲ್ಲೇ ಆಯಿತು. ಅಲ್ಲಿಯ ವೈದ್ಯರಿಗೂ ದಾದಿಯರಿಗೂ ನಾನು ಋಣಿ. ಗ್ರಂಥಿಗಳನ್ನು ತೆಗೆದಿದ್ದರಿಂದ ಎಡಗೈ ಬಾವು ಬಂದು, ದಿನದ ಹೆಚ್ಚು ಹೊತ್ತು ಬಿಗಿಯಾದ ತೋಳುಪಟ್ಟಿಯನ್ನೂ ಗವಸನ್ನೂ ಹಾಕಿಕೊಂಡಿರಬೇಕಾಯಿತು. ಆ ಗವಸನ್ನು ಪ್ರತಿದಿನ ಬೆಳಿಗ್ಗೆ ಎಳೆದು ಹಾಕಿಕೊಳ್ಳುವಾಗ ಮೊದಲ ವೈದ್ಯರ ಹೆಸರು ನೆನಪಾಗುತ್ತಿತ್ತು, ಹೆಸರಿನ ಹಿಂದೆಯೇ ಸಿಟ್ಟು ಬರುತ್ತಿತ್ತು. ಸಂಬಂಧಪಟ್ಟ ಮಂಡಳಿಗೆ ದೂರನ್ನೂ ಕೊಟ್ಟಿದ್ದೆವು. ದೂರು ಕೊಟ್ಟ ಮಾತ್ರಕ್ಕೆ ಸಿಟ್ಟು ಇಳಿಯಲಿಲ್ಲ.

ಪ್ರಾರ್ಥನೆಗೆ ಹೋಗದೆ ಇದ್ದವಳಲ್ಲ. ಮಾಹಿಮಿನ ಸಂತ ಮೈಕೇಲರ ದೇವಾಲಯದಲ್ಲಿ 1948ರಿಂದ ಪ್ರತಿ ಬುಧವಾರ ನಡೆದುಬಂದಿರುವ ನಿತ್ಯಸಹಾಯ ಮಾತೆಯ (ಯೇಸುವಿನ ತಾಯಿ ಮರಿಯಮ್ಮನವರ) ನವೇನ ಪ್ರಾರ್ಥನೆಗೆ ಆರೋಗ್ಯ ಅನುಕೂಲಿಸಿದಾಗಲೆಲ್ಲ ಹೋಗಿದ್ದೇನೆ. ಕ್ರೈಸ್ತರಲ್ಲದವರೂ ಅಷ್ಟೇ ಸಂಖ್ಯೆಯಲ್ಲಿ ಸಾಲು ನಿಂತಿರುವುದನ್ನು ನೋಡಿದಾಗಲೆಲ್ಲ ಹರಿಹರದ ಆರೋಗ್ಯಮಾತೆಯ ಹಬ್ಬ ಕಣ್ಣಿಗೆ ಕಟ್ಟುತ್ತದೆ. ಬಾಂದ್ರಾದ ಗುಡ್ಡದ ಮಾತೆಗೆ ಮೇಣದ ಹರಕೆಯನ್ನೂ ಒಪ್ಪಿಸಿದ್ದೇನೆ. ಅಲ್ಲಿ ಕೈ, ಕಾಲು, ಮಗು, ಮನೆ ಹೀಗೆ ಯಾರಿಗೆ ಯಾವುದು ಬೇಕೋ ಆ ರೂಪದ ಮೇಣ ಸಿಗುತ್ತದೆ. ಆ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಲ್ಲೆಲ್ಲ ನಾನು ಕೇಳಿಕೊಂಡಿದ್ದು ನನ್ನ ದೇಹಕ್ಕಾಗಿ ಮಾತ್ರ, ಮನಸ್ಸಿನಲ್ಲಿ ಬೇರು ಬಿಟ್ಟಿದ್ದನ್ನು ಯಾರ ಮುಂದೆಯೂ ತೆಗೆದಿಟ್ಟಿರಲಿಲ್ಲ.

ಒಂದು ಸಲ ಪರಿಚಯದವರು ಬಲವಂತ ಮಾಡಿದ್ದಕ್ಕೆ ದೊಡ್ಡ ಮೈದಾನದಲ್ಲಿ ನಡೆದ ಸೌಖ್ಯ ಪ್ರಾರ್ಥನಾ ಕೂಟಕ್ಕೂ ಹೋಗಿದ್ದೆ. ವೇದಿಕೆಯ ಮೇಲಿದ್ದವರು, ಈ ಸಭೆಯಲ್ಲಿರುವ ಒಬ್ಬ ಸಹೋದರಿಯ ಕ್ಯಾನ್ಸರ್ ಈ ಗಳಿಗೆಯಲ್ಲಿ ಗುಣವಾಗುತ್ತಿದೆ ಎಂದು ಕೂಗಿ ಹೇಳಿದರು. ನನ್ನ ಸುತ್ತ ಕುಳಿತಿದ್ದ ಹೆಂಗಸರಲ್ಲಿ ಹಲವರು ತಲೆಗೆ ಬಟ್ಟೆ ಸುತ್ತಿಕೊಂಡವರೇ. ಪ್ರತಿಯೊಬ್ಬಳೂ ಅದು ತಾನೇ ಇರಬೇಕೆಂದು ಎದ್ದು ನಿಂತಳು. ಅವರ ಮುಖಗಳನ್ನು ನೋಡಿ ನನಗೆ ತುಂಬ ಸಂಕಟವಾಯಿತು. ಆಮೇಲೆ ತಿಳಿಯಿತು, ಇಂಥದ್ದರ ಬಗ್ಗೆ ಧರ್ಮಸಭೆಯೇ, ಅಂದರೆ ಕಥೋಲಿಕ ಚರ್ಚೇ, ಸ್ಪಷ್ಟವಾಗಿ ಮಾತನಾಡಿದೆ. ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಪರಿಷತ್ತು 2000ದ ಸೆಪ್ಟೆಂಬರಿನಲ್ಲಿ ಸೌಖ್ಯ ಪ್ರಾರ್ಥನೆಗಳ ಕುರಿತು ಒಂದು ಸೂಚನಾಪತ್ರವನ್ನು ಹೊರಡಿಸಿತು. ಸೌಖ್ಯಕ್ಕಾಗಿ ದೇವರನ್ನು ಬೇಡುವುದು ಒಳ್ಳೆಯದೇ, ಆದರೆ ಉನ್ಮಾದ, ಕೃತಕತೆ, ನಾಟಕೀಯತೆ, ರೋಮಾಂಚನ ಹುಟ್ಟಿಸುವ ನಡವಳಿಕೆ ಇವು ಯಾವುವೂ, ಅದರಲ್ಲೂ ಪ್ರಾರ್ಥನೆ ನಡೆಸುವವರಿಂದ, ಆಗಕೂಡದು ಎಂದು ಅದು ವಿಧಿಸುತ್ತದೆ. ಮುಕ್ತ ಪ್ರಾರ್ಥನೆಯನ್ನೂ ದೈವಾರಾಧನಾ ವಿಧಿಯನ್ನೂ ಒಂದರೊಳಗೊಂದು ಕಲಸಬಾರದು ಎಂದೂ ಹೇಳುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ನಡೆದದ್ದು ವಿಧಿಗೆ ಒಳಪಟ್ಟ ಪ್ರಾರ್ಥನೆ. ಅಲ್ಲಿ ಯಾರೂ ಕೂಗಲಿಲ್ಲ, ಯಾರ ರೋಗ ವಾಸಿಯಾಯಿತೆಂದು ಯಾರೂ ಸಾರಲಿಲ್ಲ.

ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರ ಕಳೆದ ಮೇಲೆ ನಮ್ಮ ಕನ್ನಡ ಬಳಗದ ಸಿದ್ಧತೆ ಶುರುವಾಯಿತು. ಧರ್ಮಕೇಂದ್ರದ ಸಭಾಂಗಣದ ಪಕ್ಕದ ಕೋಣೆಯಲ್ಲಿ ಸಂಜೆ ಹೊತ್ತು ಕೂಡುತ್ತಿದ್ದೆವು. ಗದಗ ಕಡೆಯ ಕನ್ಯಾಸ್ತ್ರೀಯೊಬ್ಬರು ನಡೆಸಿಕೊಡುತ್ತಿದ್ದರು. ಬರುತ್ತಿದ್ದವರಲ್ಲಿ ಮನೆಗೆಲಸ ಮುಗಿಸಿ ನೇರ ಬಂದ ಹೆಂಗಸರು, ಕಟ್ಟಡದ ಕೆಲಸಗಾರರು, ರೈಲ್ವೆಯಿಂದ ನಿವೃತ್ತರಾದವರು, ನನ್ನಂತೆ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ಮನೆಯಲ್ಲಿ ಕುಳಿತವರು ಎಲ್ಲರೂ ಇದ್ದರು. ಪ್ರತಿ ಸಲ ಬೈಬಲ್ಲಿನ ಶುಭಸಂದೇಶದ ಒಂದು ಭಾಗವನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮನಸ್ಸಿಗೆ ಬಂದದ್ದನ್ನು ಹೇಳುವುದು ಪದ್ಧತಿ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸುತ್ತಿರಲಿಲ್ಲ.

ಮೊದಲು ಓದಿದ್ದು ಮಾರ್ಕನ ಶುಭಸಂದೇಶದ 2ನೇ ಅಧ್ಯಾಯ. ಕಫೆರ್ನವುಮಿನ ಮನೆಯೊಂದರಲ್ಲಿ ಜನ ಕಿಕ್ಕಿರಿದಿದ್ದಾರೆ, ಪಾರ್ಶ್ವವಾಯು ಹೊಡೆದವನೊಬ್ಬನನ್ನು ನಾಲ್ವರು ಹೊತ್ತು ತಂದಿದ್ದಾರೆ, ಬಾಗಿಲಲ್ಲಿ ಜಾಗವಿಲ್ಲದೆ ಮಾಳಿಗೆಯನ್ನು ಬಿಚ್ಚಿ ಅವನನ್ನು ಹಾಸಿಗೆಸಮೇತ ಇಳಿಸುತ್ತಾರೆ. ಚಿಕ್ಕಂದಿನಿಂದ ಕೇಳಿದ ಕಥೆ. ಯೇಸುಸ್ವಾಮಿ ನೋಡಿದ್ದು ರೋಗಿಯ ವಿಶ್ವಾಸವನ್ನಲ್ಲ, ಅವರ ವಿಶ್ವಾಸವನ್ನು, ಅಂದರೆ ಹೊತ್ತು ತಂದವರದನ್ನೂ ಸೇರಿಸಿ ಎಂಬುದನ್ನು ಸಿಸ್ಟರ್ ಬೆರಳಿಟ್ಟು ತೋರಿಸಿದರು. ಮೊದಲು ಆಡಿದ ಮಾತು ಎದ್ದು ನಡೆ ಎಂದಲ್ಲ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು. ರೋಗಿ ಏನೂ ಕೇಳಿಕೊಂಡಂತೆ ಇಡೀ ಭಾಗದಲ್ಲಿ ಎಲ್ಲಿಯೂ ಇಲ್ಲ. ಕೀಮೋ ನಡೆಯುತ್ತಿದ್ದ ತಿಂಗಳುಗಳಲ್ಲಿ ನನಗೂ ಪ್ರಾರ್ಥಿಸಲು ಆಗುತ್ತಿರಲಿಲ್ಲ. ಜಪಸರ ಹಿಡಿದರೆ ಮಣಿ ಮುಂದಕ್ಕೆ ಹೋಗುತ್ತಿರಲಿಲ್ಲ. ಆಗ ನನ್ನ ಪರವಾಗಿ ಯಾರು ಯಾರು ಪ್ರಾರ್ಥಿಸಿದ್ದರು ಎಂಬುದನ್ನು ಆ ಸಂಜೆ ಮೊದಲ ಬಾರಿಗೆ ಒಬ್ಬೊಬ್ಬರನ್ನಾಗಿ ನೆನಪಿಸಿಕೊಂಡೆ.

ಇದರ ಜೊತೆಯಲ್ಲೇ ಇನ್ನೊಂದು ಪ್ರಶ್ನೆ ಎದ್ದಿತು. ಪಾಪಕ್ಷಮೆ ಮೊದಲು, ಸೌಖ್ಯ ಆಮೇಲೆ ಎಂದಾದರೆ ಕಾಯಿಲೆ ಪಾಪದ ಫಲವೇ? ಮೂತ್ರಪಿಂಡದ ತೊಂದರೆಯಿರುವ ಮಗುವಿನ ತಾಯಿಯೊಬ್ಬಳು ಇದನ್ನು ಕೇಳಿದಳು. ಅವಳ ಕಂಠ ಬಿಗಿದಿತ್ತು, ಯಾರೋ ಸಂಬಂಧಿಕರು ಹಾಗೆ ಹೇಳಿ ಅವಳನ್ನು ನೋಯಿಸಿದ್ದರು. ಸಿಸ್ಟರ್ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯವನ್ನು ತೆಗೆದು ಅವಳ ಕೈಯಲ್ಲೇ ಓದಿಸಿದರು. ಹುಟ್ಟುಕುರುಡನನ್ನು ಕುರಿತು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಅವರೂ ಅಲ್ಲ ಎಂಬುದು ಸ್ವಾಮಿಯ ಉತ್ತರ. ಸೌಖ್ಯಕ್ಕೂ ಕ್ಷಮೆಗೂ ಸಂಬಂಧವಿದೆ, ಆದರೆ ಅದು ಶಿಕ್ಷೆಯ ಲೆಕ್ಕವಲ್ಲ ಎಂಬುದು ಇಲ್ಲಿಗೆ ಖಚಿತವಾಯಿತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಪಾಪನಿವೇದನೆಯನ್ನೂ ರೋಗಿಗಳ ಅಭ್ಯಂಗನವನ್ನೂ ಒಟ್ಟಿಗೆ ಇಟ್ಟು ಸೌಖ್ಯದ ಸಂಸ್ಕಾರಗಳೆಂದು ಕರೆಯುತ್ತದೆ. ಮನುಷ್ಯನನ್ನು ಇಡಿಯಾಗಿ ಎತ್ತಿ ನಿಲ್ಲಿಸುವುದು ಎರಡರ ಕೆಲಸವೂ ಹೌದು.

ಕ್ಷಮೆಯ ಪಾಠ ನಡೆದದ್ದು ಮತ್ತಾಯನ 18ನೇ ಅಧ್ಯಾಯದ ಮೇಲೆ. ಹತ್ತು ಸಾವಿರ ತಲೆಂತು ಸಾಲವನ್ನು ಒಡೆಯನಿಂದ ಮನ್ನಾ ಮಾಡಿಸಿಕೊಂಡ ಆಳು, ತನಗೆ ನೂರು ದೆನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿಯುವ ಸಾಮತಿ (ನೀತಿಕಥೆ) ಅದು. ದೆನಾರಿಯೆಂದರೆ ಒಬ್ಬ ಕೂಲಿಯ ಒಂದು ದಿನದ ಸಂಬಳ, ಒಂದು ತಲೆಂತು ಸುಮಾರು 6,000 ದೆನಾರಿ ಎಂದು ಸಿಸ್ಟರ್ ವಿವರಿಸಿದರು. ಹಿಂದಿನ ಬೆಂಚಿನಲ್ಲಿದ್ದ ಗಾರೆ ಮೇಸ್ತ್ರಿಯೊಬ್ಬರು ಜೇಬಿನಿಂದ ಮೊಬೈಲು ತೆಗೆದು ಗುಣಿಸತೊಡಗಿದರು. ಅವರ ಬೆರಳುಗಳಿಗೆ ಸಿಮೆಂಟು ಇನ್ನೂ ಅಂಟಿಕೊಂಡಿತ್ತು, ಪರದೆ ಸರಿಯಾಗಿ ಒತ್ತಿಕೊಳ್ಳದೆ ಮತ್ತೆ ಮತ್ತೆ ಒರೆಸಿಕೊಂಡರು. “ಆರು ಕೋಟಿ ದಿನದ ಪಗಾರ ಆಗ್ತದ ಸಿಸ್ಟರ್” ಎಂದರು. “ನೂರು ದಿನದ್ದು ಅಂದ್ರ ಮೂರು ಮೂರೂವರೆ ತಿಂಗಳು. ಅದೂ ಸಣ್ಣದೇನಲ್ಲ. ನನಗ ಹಿಂದಿನ ಕಂತ್ರಾಟುದಾರ ಅಷ್ಟೇ ಬಾಕಿ ಇಟ್ಟಾನ.” ಯಾರೂ ನಗಲಿಲ್ಲ. ನೂರು ದೆನಾರಿ ಸಣ್ಣ ಮೊತ್ತವೆಂದು ಹೇಳುವ ಪ್ರವಚನಗಳನ್ನು ಎಷ್ಟೋ ಕೇಳಿದ್ದೇನೆ. ಅದು ಸಣ್ಣದಲ್ಲವೆಂದು, ನಮಗೆ ಆಗಿರುವ ಅನ್ಯಾಯ ನಿಜವಾದ ಅನ್ಯಾಯವೇ ಎಂದು ಒಪ್ಪಿಕೊಂಡ ಮೇಲೆ ಕ್ಷಮೆಯ ಮಾತು ಎತ್ತಬೇಕೆಂಬುದನ್ನು ಮೇಸ್ತ್ರಿಯವರ ಬಾಯಿಂದಲೇ ನಾನು ಕಲಿತದ್ದು.

ಅದೇ ಸಂಜೆ ನಾನು ಬಾಯಿಬಿಟ್ಟು ಕೇಳಿದೆ: ದೂರನ್ನು ಹಿಂದಕ್ಕೆ ಪಡೆಯದೆ ಕ್ಷಮಿಸಿದ್ದೇನೆ ಎಂದರೆ ಅದು ಕ್ಷಮೆಯಾಗುತ್ತದೆಯೇ? ಪುಣೆಯಿಂದ ಮುಂಚಿತವಾಗಿ ಬಂದಿದ್ದ ಗುರುಗಳು ಇದಕ್ಕೆ ಉತ್ತರಿಸಿದರು. 1981ರ ಮೇ 13ರಂದು ತಮಗೆ ಗುಂಡು ಹಾರಿಸಿದವನನ್ನು ಆಗಿನ ಪೋಪ್ ಎರಡನೇ ಜಾನ್ ಪೌಲರು ಆಸ್ಪತ್ರೆಯ ಹಾಸಿಗೆಯಿಂದಲೇ ಕ್ಷಮಿಸಿದರು, 1983ರ ಡಿಸೆಂಬರಿನಲ್ಲಿ ಸೆರೆಮನೆಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತನಾಡಿದರು. ಕಾನೂನು ಮಾತ್ರ ತನ್ನ ಕೆಲಸ ಮಾಡಿತು, ಅವನು ಆಮೇಲೆಯೂ ವರ್ಷಗಟ್ಟಲೆ ಸೆರೆಯಲ್ಲಿದ್ದ. ನಮ್ಮ ದೇಶದ್ದೇ ಇನ್ನೊಂದು ನಿದರ್ಶನವನ್ನೂ ಅವರು ಕೊಟ್ಟರು. ಮಧ್ಯಪ್ರದೇಶದ ಉದಯನಗರದ ಬಳಿ 1995ರಲ್ಲಿ ಬಸ್ಸಿನಲ್ಲಿ ಇರಿತಕ್ಕೊಳಗಾಗಿ ಸತ್ತ ಸಿಸ್ಟರ್ ರಾಣಿ ಮರಿಯಾ ಅವರನ್ನು ಕೊಂದವನಿಗೆ ಜೀವಾವಧಿ ಶಿಕ್ಷೆಯಾಗಿತ್ತು. ರಾಣಿ ಮರಿಯಾ ಅವರ ಒಡಹುಟ್ಟಿದ ತಂಗಿಯೇ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ತಮ್ಮನೆಂದು ಕರೆದರು. 2017ರ ನವೆಂಬರಿನಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತರೆಂದು (ಸಂತಪದವಿಗೆ ಹಿಂದಿನ ಮೆಟ್ಟಿಲು) ಘೋಷಿಸಿದರು. “ಅಮ್ಮಾ, ದೂರು ಇನ್ನೊಬ್ಬ ಹೆಂಗಸಿಗೆ ಹೀಗಾಗದಿರಲಿ ಎಂದು ಕೊಟ್ಟದ್ದಾದರೆ ಅದು ಇರಲಿ. ಆ ವೈದ್ಯರಿಗೆ ಕೆಡುಕಾಗಲಿ ಎಂಬ ಆಸೆಯನ್ನು ಮಾತ್ರ ದೇವರ ಕೈಗೆ ಕೊಡಿ” ಎಂದರು ಗುರುಗಳು. ನನಗೆ ಬೇಕಿದ್ದ ಬಿಡಿಸಿದ ಉತ್ತರ ಇದು. ಅದು ಸಿಗದೆ ಹೋಗಿದ್ದರೆ ಪ್ರಾಯಶ್ಚಿತ್ತ ಪ್ರಾರ್ಥನೆಗೆ ನಾನು ಹೋಗುತ್ತಿರಲಿಲ್ಲವೇನೋ.

ಒಟ್ಟಿಗೆ ಸೇರಿ ಪ್ರಾಯಶ್ಚಿತ್ತ ಮಾಡುವುದೇಕೆ, ಒಬ್ಬರೇ ಹೋಗಿ ಗುರುಗಳ ಬಳಿ ಹೇಳಿಕೊಂಡರೆ ಸಾಲದೇ ಎಂದು ಕೇಳುವವರುಂಟು. ಒಬ್ಬರೇ ಮಾಡುವ ಪಾಪನಿವೇದನೆ ಸಿಂಧುವೇ, ಪೂರ್ಣವೇ. ಆದರೆ ಆದಿ ಶತಮಾನಗಳ ಧರ್ಮಸಭೆಯಲ್ಲಿ ಘೋರ ಪಾಪಗಳಿಗೆ ಪ್ರಾಯಶ್ಚಿತ್ತ ಬಹಿರಂಗವಾಗಿಯೇ ನಡೆಯುತ್ತಿತ್ತು. ಪಶ್ಚಾತ್ತಾಪಿಗಳು ತಪಸ್ಸುಕಾಲವಿಡೀ ಬೇರೆಯಾಗಿ ನಿಂತು ಎಲ್ಲರ ಪ್ರಾರ್ಥನೆಯನ್ನು ಬೇಡುತ್ತಿದ್ದರು, ರೋಮಿನಲ್ಲಿ ಪಾಸ್ಖಕ್ಕೆ ಮುಂಚಿನ ಪವಿತ್ರ ಗುರುವಾರದಂದು ಧರ್ಮಾಧ್ಯಕ್ಷರು (ಬಿಷಪ್) ಅವರನ್ನು ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಗುರುಗಳ ಬಳಿ ಗುಟ್ಟಾಗಿ ಹೇಳಿಕೊಳ್ಳುವ ರೂಢಿ ಐರ್ಲೆಂಡಿನ ಸನ್ಯಾಸಿಗಳಿಂದ ಯುರೋಪಿಗೆ ಹಬ್ಬಿದ್ದು ಆಮೇಲೆ. 1215ರಲ್ಲಿ ಧರ್ಮಾಧ್ಯಕ್ಷರು ಸೇರಿದ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡಬೇಕೆಂದು ನಿಯಮವಿಟ್ಟಿತು. ಹೀಗೆ ಸಾಗಿ ಬರುವಾಗ ಪಾಪ ಎಂಬುದು ನನಗೂ ದೇವರಿಗೂ ಮಾತ್ರ ಸೇರಿದ ಖಾಸಗಿ ವ್ಯವಹಾರ ಎಂಬ ಭಾವನೆ ಬೆಳೆದುಬಿಟ್ಟಿತು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ, ಪಾಪದಿಂದ ಧರ್ಮಸಭೆಗೂ ಗಾಯವಾಗುತ್ತದೆ, ಈ ಸಂಸ್ಕಾರದಲ್ಲಿ ಅದರೊಂದಿಗೂ ಸಂಧಾನವಾಗುತ್ತದೆ ಎಂಬುದನ್ನು ಮತ್ತೆ ಮುಂದಕ್ಕೆ ತಂದಿತು. 1973ರ ಕೊನೆಯಲ್ಲಿ ಬಂದ ಹೊಸ ವಿಧಿಪುಸ್ತಕವು ಒಬ್ಬೊಬ್ಬರಾಗಿ ಮಾಡುವುದು, ಹಲವರು ಸೇರಿ ಸಿದ್ಧರಾಗಿ ಒಬ್ಬೊಬ್ಬರಾಗಿ ನಿವೇದಿಸಿಕೊಳ್ಳುವುದು, ಹಲವರಿಗೆ ಒಟ್ಟಿಗೇ ಪಾಪವಿಮೋಚನೆ ಕೊಡುವುದು ಎಂಬ ಮೂರು ಬಗೆಗಳನ್ನು ಇಟ್ಟಿತು. ಕೊನೆಯದು ಅತಿ ಗಂಭೀರ ಸಂದರ್ಭಗಳಿಗೆ ಮಾತ್ರ. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಸೋಂಕು ತೀವ್ರವಾಗಿದ್ದ ಕಡೆ ಅದಕ್ಕೆ ಅವಕಾಶವಿರಬಹುದೆಂದು ವ್ಯಾಟಿಕನ್ ಹೇಳಿತ್ತು. ಆಗಲೂ ಘೋರ ಪಾಪವಿದ್ದವರು ಅವಕಾಶ ಸಿಕ್ಕೊಡನೆ ಖುದ್ದಾಗಿ ನಿವೇದಿಸಿಕೊಳ್ಳಲೇಬೇಕು. ನಮ್ಮಲ್ಲಿ ನಡೆದದ್ದು ಎರಡನೆಯ ಬಗೆ.

ಪ್ರಾಯಶ್ಚಿತ್ತ ಪ್ರಾರ್ಥನೆಯ ದಿನ ಶುಕ್ರವಾರ. ಶಿಲುಬೆಯ ಹಾದಿ ಪ್ರಾರ್ಥನೆ ಮುಗಿದು ಇಂಗ್ಲಿಷ್ ಪ್ರಾರ್ಥನೆಯವರು ಹೊರಟ ಮೇಲೆ ದೇವಾಲಯ ನಮ್ಮದಾಯಿತು. ಕೊರಳಿಂದ ಇಳಿಬಿಟ್ಟ ನೇರಳೆ ಬಣ್ಣದ ಸ್ಟೋಲು ಪಟ್ಟಿ ಧರಿಸಿದ ಗುರುಗಳು ಪೀಠದ ಮುಂದೆ ಬಂದು, ನಮ್ಮ ಕಡೆಗೆ ತಿರುಗದೆ, ನಮ್ಮಂತೆಯೇ ಶಿಲುಬೆಯ ಕಡೆಗೆ ಮುಖ ಮಾಡಿ ಮೊಣಕಾಲೂರಿದರು. ಅವರೂ ಪಾಪಿಗಳ ಸಾಲಿನಲ್ಲೇ ಇದ್ದಾರೆಂಬುದು ನನಗೆ ಆ ಕ್ಷಣ ಬಹಳ ಹಿಡಿಸಿತು. ಗೀತೆ, ಆರಂಭದ ಪ್ರಾರ್ಥನೆ, ಲೂಕನ ಶುಭಸಂದೇಶದಿಂದ ದುಂದುಗಾರ ಮಗನ ಸಾಮತಿ, ಚಿಕ್ಕ ಪ್ರಬೋಧನೆ, ಇವು ಕ್ರಮವಾಗಿ ನಡೆದವು.

ನನ್ನ ಮಟ್ಟಿಗೆ ಅಂದಿನ ಮುಖ್ಯ ಭಾಗವೆಂದರೆ ಆತ್ಮಪರಿಶೀಲನೆ. ನಿವೃತ್ತ ರೈಲ್ವೆ ನೌಕರರೊಬ್ಬರು ಸಿಸ್ಟರ್ ಬರೆದುಕೊಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಪ್ರತಿ ಪ್ರಶ್ನೆಯ ಬಳಿಕ ಸಾಕಷ್ಟು ಹೊತ್ತು ನಿಲ್ಲುತ್ತಿದ್ದರು. ಹತ್ತು ಕಟ್ಟಳೆಗಳನ್ನು ಒಪ್ಪಿಸಿದ ಹಾಗಿರಲಿಲ್ಲ, ನಮ್ಮ ಬದುಕನ್ನು ನೋಡಿ ಬರೆದ ಪ್ರಶ್ನೆಗಳು ಅವು. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ದುಡ್ಡು ಕಳುಹಿಸಿದ್ದೇನೆ, ಮಾತು ಕಳುಹಿಸಿದ್ದೇನೆಯೇ? ಕೈಕೆಳಗಿನವರ ಕೂಲಿಯನ್ನು ಹೇಳಿದ ದಿನ ಕೊಟ್ಟಿದ್ದೇನೆಯೇ? ಮನೆಯಲ್ಲಿ ಕಾಯಿಲೆ ಬಿದ್ದವರನ್ನು ಹೊರೆಯೆಂದು ಅವರಿಗೆ ಕೇಳಿಸುವಂತೆ ಅಂದಿದ್ದೇನೆಯೇ? ಕಾಯಿಲೆ ಬಿದ್ದವಳಾಗಿ, ನನ್ನ ನೋವನ್ನೇ ಅಧಿಕಾರವಾಗಿ ಮಾಡಿಕೊಂಡು ನೋಡಿಕೊಳ್ಳುವವರ ಮೇಲೆ ಹರಿಹಾಯ್ದಿದ್ದೇನೆಯೇ? ಯಾರ ಹೆಸರು ಕಿವಿಗೆ ಬಿದ್ದೊಡನೆ ನನ್ನ ಪ್ರಾರ್ಥನೆ ನಿಂತುಹೋಗುತ್ತದೆ? ಕೊನೆಯ ಪ್ರಶ್ನೆಗೆ ಬಂದಾಗ ಸಾಲುಸಾಲಾಗಿ ತಲೆಗಳು ಬಾಗಿದವು. ನನ್ನೊಬ್ಬಳಿಗೇ ಇಂಥದೊಂದು ಹೆಸರಿದೆ ಎಂದುಕೊಂಡಿದ್ದೆ, ಅಲ್ಲಿ ಎಲ್ಲರಿಗೂ ಒಂದೊಂದು ಹೆಸರಿತ್ತು.

ಆಮೇಲೆ ಎಲ್ಲರೂ ಸೇರಿ ಪಾಪವನ್ನು ಒಪ್ಪಿಕೊಳ್ಳುವ ಪ್ರಾರ್ಥನೆ. ಆಲೋಚನೆ, ಮಾತು, ಕ್ರಿಯೆ, ಕರ್ತವ್ಯಲೋಪ ಎಂದು ಎಣಿಸುತ್ತ, ಎದೆ ಬಡಿದುಕೊಳ್ಳುತ್ತ, ದೇವರಿಗೆ ಮಾತ್ರವಲ್ಲದೆ ಸಹೋದರ ಸಹೋದರಿಯರಾದ ನಿಮಗೂ ನಿವೇದಿಸುತ್ತೇನೆ ಎನ್ನುತ್ತೇವೆ, ನನಗಾಗಿ ಪ್ರಾರ್ಥಿಸಿರಿ ಎಂದು ಅವರನ್ನೇ ಬೇಡುತ್ತೇವೆ. ಪ್ರತಿ ಭಾನುವಾರ ಹೇಳುವ ಮಾತೇ ಅದು. ಅಂದು ಪಕ್ಕದಲ್ಲಿ ನಿಂತಿದ್ದ ಹುಡುಗಿ ನನ್ನ ಮುಖ ನೋಡಿ ಹೇಳಿದಳು, ನಾನೂ ಅವಳ ಮುಖ ನೋಡಿ ಹೇಳಿದೆ. ಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಎಂಬ ಸಾಲು ಬಂದಾಗ ನನ್ನ ದನಿ ನಿಂತಿತು. ಸುತ್ತಲಿನ ದನಿಗಳು ಆ ಸಾಲನ್ನು ಪೂರ್ತಿ ಮಾಡಿ ಮುಂದಕ್ಕೆ ಹೋದವು, ಮುಂದಿನ ಸಾಲಿಗೆ ನಾನೂ ಕೂಡಿಕೊಂಡೆ. ಹೊತ್ತು ತಂದವರ ವಿಶ್ವಾಸ ಎಂದು ಸಿಸ್ಟರ್ ಓದಿಸಿದ್ದು ಇದನ್ನೇ ಎಂದು ನನಗೆ ಅನ್ನಿಸಿತು, ಈಗಲೂ ಹಾಗೆಯೇ ನಂಬಿದ್ದೇನೆ.

ಗುರುಗಳು ದೇವಾಲಯದ ಮೂಲೆಗಳಲ್ಲಿ ಹಾಕಿದ್ದ ಕುರ್ಚಿಗಳಿಗೆ ಹೋದರು. ಒಬ್ಬರು ಹಳೆಯ ಮರದ ಗೂಡಿನಲ್ಲೇ ಕುಳಿತರು, ಮುಖ ಕಾಣಿಸುವುದು ಬೇಡವೆನ್ನುವವರಿಗೆ ಜಾಲರಿಯ ಮರೆ ಇರಲೆಂದು. ನಾವು ಸಾಲಾಗಿ ನಿಂತೆವು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಿರಲೆಂದು ಗಾಯಕವೃಂದದವರು ಮೆಲ್ಲಗೆ ಹಾಡುತ್ತಲೇ ಇದ್ದರು. ನಾನು ಹೇಳಿಕೊಂಡದ್ದು ನನಗೂ ದೇವರಿಗೂ ಗುರುಗಳಿಗೂ ಸೇರಿದ್ದು, ಗುರುಗಳು ಯಾವ ಕಾರಣಕ್ಕೂ ಅದನ್ನು ಹೊರಗೆ ಆಡುವಂತಿಲ್ಲ. ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ನಾನು ಹೇಳಬಹುದು. ಪ್ರತಿದಿನ ಗವಸು ಹಾಕಿಕೊಳ್ಳುವ ಹೊತ್ತಿಗೆ ಆ ವೈದ್ಯರ ಹೆಸರೆತ್ತಿ ಒಂದು ನಮೋ ಮರಿಯ ಪ್ರಾರ್ಥನೆ ಹೇಳಬೇಕು, ಭಾವನೆ ಬಂದರೂ ಬರದಿದ್ದರೂ, ಪಾಸ್ಖ ಹಬ್ಬದವರೆಗೆ. ತಲೆಯ ಮೇಲೆ ಕೈ ಚಾಚಿ ಪಾಪವಿಮೋಚನೆಯ ಮಾತುಗಳನ್ನು ಕನ್ನಡದಲ್ಲಿ ಹೇಳಿದರು. ಎಲ್ಲರ ನಿವೇದನೆ ಮುಗಿಯುವವರೆಗೂ ಯಾರೂ ಮನೆಗೆ ಹೋಗಲಿಲ್ಲ. ಎರಡನೇ ಬಗೆಯ ವಿಧಿಯ ಸೊಗಸು ಇಲ್ಲಿದೆ. ಕ್ಷಮೆ ಪಡೆದವರು, ಇನ್ನೂ ಸಾಲಿನಲ್ಲಿರುವವರಿಗಾಗಿ ಪ್ರಾರ್ಥಿಸುತ್ತ ಕಾಯುತ್ತಾರೆ, ಕೊನೆಗೆ ಗುರುಗಳು ಮರಳಿ ಪೀಠದ ಬಳಿ ಬಂದಾಗ ಎಲ್ಲರೂ ಕೂಡಿ ದೇವರಿಗೆ ಕೃತಜ್ಞತೆ ಹೇಳುತ್ತಾರೆ. ನಾವು ಮರಿಯಮ್ಮನವರ ಸ್ತುತಿಗೀತೆಯನ್ನು ಹಾಡಿದೆವು. ಮೇಸ್ತ್ರಿಯವರಿಗೆ ಪೂರ್ತಿ ಬಾಯಿಪಾಠವಿತ್ತು.

ಅಭ್ಯಂಗನದ ಬಲಿಪೂಜೆ ಮುಂದಿನ ವಾರ, ಬಿಸಿಲೇರುವ ಮೊದಲೇ. ಅದಕ್ಕೆ ಮುಂಚೆ ಸಿಸ್ಟರ್ ಮನೆಮನೆಗೆ ಹೋಗಿ ಹೆಸರು ಬರೆದುಕೊಂಡಿದ್ದರು. ಈ ಸಂಸ್ಕಾರ ಬಂದವರಿಗೆಲ್ಲ ಹಂಚುವಂಥದ್ದಲ್ಲ. ಗಂಭೀರ ಕಾಯಿಲೆಯವರಿಗೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಹೊರಟವರಿಗೆ, ವಯಸ್ಸಿನಿಂದ ತೀರ ನಿಶ್ಶಕ್ತರಾದವರಿಗೆ ಮಾತ್ರ ಕೊಡುತ್ತಾರೆ. ಕಾಯಿಲೆ ಮರುಕಳಿಸಿದರೆ, ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ನೆಗಡಿ, ಮೈಕೈನೋವು ಎಂದು ಬಂದವರನ್ನು ಸಿಸ್ಟರ್ ಪ್ರೀತಿಯಿಂದಲೇ ವಾಪಸು ಕಳುಹಿಸಿದ್ದರು. ಔಷಧ ನಿಲ್ಲಿಸಬಾರದು, ಆಸ್ಪತ್ರೆಯ ತಾರೀಖು ತಪ್ಪಿಸಬಾರದು ಎಂದು ಪ್ರತಿ ಮನೆಯಲ್ಲೂ ಹೇಳಿ ಬಂದಿದ್ದರು. ವೈದ್ಯರ ಆರೈಕೆಯೂ ರೋಗದ ವಿರುದ್ಧ ಹೋರಾಡುವ ದೇವರ ಕೆಲಸದಲ್ಲಿ ಪಾಲು ಎಂಬುದೇ ಧರ್ಮಸಭೆಯ ಬೋಧನೆ.

ಯಕೋಬನ ಪತ್ರದ 5ನೇ ಅಧ್ಯಾಯವನ್ನು ಓದಿದರು. ನಿಮ್ಮಲ್ಲಿ ಅಸ್ವಸ್ಥನಿದ್ದರೆ ಸಭೆಯ ಹಿರಿಯರನ್ನು ಕರೆಸಲಿ, ಅವರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಆರಂಭಿಸಿ, ಪಾಪಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಂಡು, ಗುಣಹೊಂದುವಂತೆ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ ಎಂಬಲ್ಲಿಗೆ ಅದು ಮುಟ್ಟುತ್ತದೆ. ನಮ್ಮ ಎರಡು ದಿನಗಳ ಪ್ರಾರ್ಥನೆಯೂ ಆ ಕೆಲವೇ ಸಾಲುಗಳಲ್ಲಿ ಅಡಗಿದೆ. ಆಮೇಲೆ ಗುರುಗಳು ಒಬ್ಬೊಬ್ಬರ ಬಳಿಗೂ ಬಂದು ಏನೂ ಮಾತನಾಡದೆ ತಲೆಯ ಮೇಲೆ ಕೈಗಳನ್ನು ಇಟ್ಟರು. ಗಾಲಿಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರಿಗಾಗಿ ಮೊಣಕಾಲೂರಬೇಕಾಯಿತು, ಅವರ ಕತ್ತು ಪೂರ್ತಿ ಬಾಗಿಹೋಗಿತ್ತು.

ಎಣ್ಣೆಯಿರುವುದು ತಿರುಗಿಸಿ ತೆಗೆಯುವ ಮುಚ್ಚಳದ, ಹೆಬ್ಬೆರಳು ಹಿಡಿಸುವಷ್ಟೇ ಅಗಲದ ಬೆಳ್ಳಿಯ ಭರಣಿಯಲ್ಲಿ. ಚೆಲ್ಲದಂತೆ ಒಳಗೆ ಹತ್ತಿಯಿಟ್ಟು ಅದರಲ್ಲಿ ಎಣ್ಣೆ ನೆನೆಸಿರುತ್ತಾರೆ. ಹಿಂದಿನ ವರ್ಷ ಪವಿತ್ರ ವಾರದ ಪೂಜೆಯಲ್ಲಿ ಧರ್ಮಾಧ್ಯಕ್ಷರು ಮಂತ್ರಿಸಿ ಧರ್ಮಕೇಂದ್ರಗಳಿಗೆ ಹಂಚಿದ ಎಣ್ಣೆ ಅದು. ಗುರುಗಳು ಹೆಬ್ಬೆರಳಿನಿಂದ ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತ, ಈ ಅಭ್ಯಂಗನದಿಂದ ಪ್ರಭು ಪವಿತ್ರಾತ್ಮರ ವರಪ್ರಸಾದದೊಡನೆ ನಿನಗೆ ನೆರವಾಗಲಿ ಎಂಬ ಮಾತನ್ನು ಹೇಳಿದರು. ಎರಡನೆಯ ಭಾಗವನ್ನು ಕೈಗಳಿಗೆ ಹಚ್ಚುವಾಗ ಹೇಳಬೇಕು. ನಾನು ಬಲಗೈಯನ್ನು ಮಾತ್ರ ಚಾಚಿದೆ, ಎಡಗೈಯ ಗವಸು ಹಾಗೆಯೇ ಇತ್ತು. ಗುರುಗಳು ಮುಂದಕ್ಕೆ ಹೋಗಲಿಲ್ಲ. “ಅದನ್ನೂ ತೋರಿಸಮ್ಮಾ” ಎಂದು ಕಾದು ನಿಂತರು. ಬಿಗಿಯಾದ ಗವಸನ್ನು ಬೆರಳುಬೆರಳಾಗಿ ಬಿಡಿಸಲು ಹೊತ್ತು ಹಿಡಿಯಿತು, ಮಗಳು ನೆರವಾದಳು, ಹಿಂದಿನ ಸಾಲು ಪೂರ್ತಿ ಕಾಯಿತು. ಬಾತ ಅಂಗೈಯ ಮೇಲೆ ಗವಸಿನ ಹೊಲಿಗೆಯ ಗೆರೆಗಳು ಕೆಂಪಗೆ ಮೂಡಿದ್ದವು. ಆ ಗೆರೆಗಳ ಮೇಲೆಯೇ ಎಣ್ಣೆ ಹಚ್ಚಿ, ನಿನ್ನನ್ನು ಪಾಪಗಳಿಂದ ಬಿಡಿಸುವ ಪ್ರಭು ನಿನ್ನನ್ನು ಉದ್ಧರಿಸಿ ಎತ್ತಿ ನಿಲ್ಲಿಸಲಿ ಎಂದು ಹೇಳಿದರು. ನಾನು ಆಮೆನ್ ಎಂದೆ.

ಕೈಯ ಬಾವು ಇಳಿಯಲಿಲ್ಲ. ಟಾಟಾದ ತಪಾಸಣೆಗಳು ಕ್ರಮದಂತೆ ನಡೆಯುತ್ತಿವೆ, ಪ್ರಭಾದೇವಿ ಸ್ಟೇಷನ್ನಿನಲ್ಲಿ ಇಳಿದು ಪರೇಲಿಗೆ ನಡೆದುಹೋಗುವಷ್ಟು ಶಕ್ತಿಯಿದೆ. ದೂರಿನ ವಿಚಾರಣೆಯೂ ನಡೆಯುತ್ತಿದೆ. ಪಾಸ್ಖ ಹಬ್ಬದ ನಂತರ ಪ್ರಾಯಶ್ಚಿತ್ತದ ಅವಧಿ ಮುಗಿದರೂ ಆ ನಮೋ ಮರಿಯವನ್ನು ನಾನು ನಿಲ್ಲಿಸಿಲ್ಲ. ಸಿಟ್ಟು ಕೆಲವು ಬೆಳಿಗ್ಗೆ ಬರುತ್ತದೆ, ಬಂದರೂ ಆ ವೈದ್ಯರಿಗೆ ಕೆಡುಕಾಗಲಿ ಎಂಬ ಆಸೆ ಅದರೊಂದಿಗೆ ಬರುವುದಿಲ್ಲ. ಇದು ನಾನೊಬ್ಬಳೇ ಕೋಣೆಯಲ್ಲಿ ಕುಳಿತು ಸಾಧಿಸಬಹುದಾಗಿದ್ದ ವಿಷಯವಲ್ಲ. ನನಗೆ ಸಿಕ್ಕ ಸೌಖ್ಯ ಇದು, ಇದನ್ನು ಸೌಖ್ಯವೆಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಮಾಲಾಡಿನಲ್ಲಿರುವ ನನ್ನ ನಾದಿನಿಗೆ ಡಯಾಲಿಸಿಸ್ ನಡೆಯುತ್ತಿದೆ. ಅಭ್ಯಂಗನದ ಹೆಸರೆತ್ತಿದರೆ ಅವಳು ಹೆದರುತ್ತಾಳೆ. ಹರಿಹರದಲ್ಲಿ ನಮ್ಮ ಅಜ್ಜಿಯಂದಿರ ಕಾಲದಲ್ಲಿ ಗುರುಗಳು ಎಣ್ಣೆ ಹಿಡಿದು ಮನೆಗೆ ಬಂದರೆಂದರೆ ಹೊರಗೆ ಹೆಂಗಸರು ಅಳಲು ಶುರುಮಾಡುತ್ತಿದ್ದರು, ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲುಗಳಿಗೆಲ್ಲ ಹಚ್ಚುತ್ತಿದ್ದುದು ಕೊನೆಯುಸಿರಿನ ಹೊತ್ತಿಗೇ. 1972ರಲ್ಲಿ ಪೋಪ್ ಆರನೇ ಪೌಲರು ವಿಧಿಯನ್ನು ಬದಲಿಸಿದ್ದನ್ನೂ, ಅದು ಸಾಯುವವರಿಗೆ ಮಾತ್ರ ಮೀಸಲಲ್ಲವೆಂಬುದನ್ನೂ, ನಾನು ಪಡೆದು ಇಷ್ಟು ದಿನವಾಯಿತೆಂಬುದನ್ನೂ ಅವಳಿಗೆ ಬಿಡಿಸಿ ಹೇಳಿದ್ದೇನೆ. “ಅತ್ತಿಗೆ, ಪ್ರಾಯಶ್ಚಿತ್ತ ಪ್ರಾರ್ಥನೆಗೆ ಬರ್ತೀನಿ, ಎಣ್ಣೆ ವಿಷಯ ಆಮೇಲೆ ನೋಡೋಣ” ಎಂದಿದ್ದಾಳೆ. ಬರುವ ತಪಸ್ಸುಕಾಲಕ್ಕೆ ಅವಳ ಡಯಾಲಿಸಿಸ್ ಇಲ್ಲದ ದಿನವನ್ನು ನೋಡಿ ಪ್ರಾರ್ಥನೆ ಇಡಲು ಸಾಧ್ಯವೇ ಎಂದು ಸಿಸ್ಟರಿಗೆ ಕೇಳಿದ್ದೇನೆ, ಪುಣೆಯ ಗುರುಗಳ ಪರೀಕ್ಷೆಯ ವೇಳಾಪಟ್ಟಿ ಬಂದ ಮೇಲೆ ತಿಳಿಸುತ್ತೇನೆ ಎಂದಿದ್ದಾರೆ.